ಫೋನಿನ ಹಾಟ್‌ಸ್ಪಾಟ್‌ನಿಂದ ಟ್ಯಾಬ್‌ಗೆ ಇಂಟರ್ನೆಟ್ ಬರುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ನಮ್ಮ ಮನೆ ಇರುವುದು ತೀರ್ಥಹಳ್ಳಿ ಕಡೆಯ ಒಂದು ಕಣಿವೆಯಲ್ಲಿ. ಇಲ್ಲಿಗೆ ಕೇಬಲ್ ಇಂಟರ್ನೆಟ್ ಬಂದಿಲ್ಲ. ಜಗಲಿಯ ಕಿಟಕಿಯಲ್ಲಿಟ್ಟ ಫೋನಿಗೆ ಸಿಗುವ ಎರಡು ಕಡ್ಡಿ ಸಿಗ್ನಲ್ಲೇ ಇಡೀ ಮನೆಗೆ ಆಧಾರ. ಅಮ್ಮ ಟ್ಯಾಬ್‌ನಲ್ಲಿ ತಾಳಮದ್ದಳೆ ಕೇಳುವುದೂ ಅಣ್ಣನ ಮಗಳು ಪಾಠ ನೋಡುವುದೂ ಅದೇ ಫೋನಿನ ಹಾಟ್‌ಸ್ಪಾಟ್‌ನಿಂದ. ಹಾಗಾಗಿ ಅದು ಕೈಕೊಡುವ ಬಗೆಗಳನ್ನೆಲ್ಲ ಕಂಡಿದ್ದೇನೆ. ಅಕ್ಕಪಕ್ಕದವರ ಟ್ಯಾಬ್ ನಿಂತಾಗಲೂ ಹೋಗಿ ನೋಡುತ್ತೇನೆ. ಎಷ್ಟೋ ಸಲ ನಾನು ಹೋಗುವಷ್ಟರಲ್ಲಿ ಯಾರೋ ಹೇಳಿದರೆಂದು ಟ್ಯಾಬ್ ಅನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿಬಿಟ್ಟಿರುತ್ತಾರೆ. ಮಗು ಬರೆದುಕೊಂಡ ಟಿಪ್ಪಣಿ, ಫೋಟೊ ಎಲ್ಲ ಹೋಗಿರುತ್ತದೆ, ದೋಷ ಮಾತ್ರ ಹಾಗೆಯೇ ಇರುತ್ತದೆ. ಅದನ್ನು ನೋಡಿ ಹೊಟ್ಟೆ ಉರಿದೇ ಇದನ್ನು ಬರೆಯುತ್ತಿದ್ದೇನೆ.

ಮಲೆನಾಡಿನ ಅನೇಕ ಮನೆಗಳಿಗೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ನೀರು ನಿಂತರೆ ಯಾರೂ ಮೊದಲು ನಲ್ಲಿ ಒಡೆಯುವುದಿಲ್ಲ. ಮೇಲೆ ನೀರಿದೆಯೇ, ನಡುವೆ ಪೈಪು ಕಳಚಿದೆಯೇ ಎಂದು ನೋಡಿಕೊಂಡು ಬರುತ್ತಾರೆ. ಹಾಟ್‌ಸ್ಪಾಟ್‌ನಲ್ಲಿಯೂ ದಾರಿ ಮೂರು ತುಂಡು: ಟವರಿನಿಂದ ಫೋನಿಗೆ, ಫೋನಿನಿಂದ ಟ್ಯಾಬ್‌ಗೆ, ಕೊನೆಗೆ ಟ್ಯಾಬ್‌ನ ಒಳಗೆ. ಯಾವ ತುಂಡಿನಲ್ಲಿ ಕೆಟ್ಟಿದೆ ಎಂದು ತಿಳಿಯುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಮೊದಲು ಮಾಡಬೇಕಾದ ಎರಡು ನಿಮಿಷದ ಪರೀಕ್ಷೆ

ಫೋನಿನ ವೈ-ಫೈ ಆಫ್ ಮಾಡಿ, ಮೊಬೈಲ್ ಡೇಟಾ ಮಾತ್ರ ಉಳಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಫೋನು ಬೇರೆ ಯಾವುದೋ ವೈ-ಫೈ ಹಿಡಿದುಕೊಂಡಿದ್ದರೆ ಅದರಲ್ಲಿ ಎಲ್ಲವೂ ಚೆನ್ನಾಗಿಯೇ ತೆರೆಯುತ್ತದೆ, ಡೇಟಾ ಸತ್ತಿರುವುದು ಗೊತ್ತೇ ಆಗುವುದಿಲ್ಲ. ಈಗ ಫೋನಿನ ಬ್ರೌಸರ್‌ನಲ್ಲಿ ಹಿಂದೆ ನೋಡಿರದ ಏನನ್ನಾದರೂ ಹುಡುಕಿ. ನಾನು ಆ ದಿನದ ಶಿವಮೊಗ್ಗ ಅಡಿಕೆ ಧಾರಣೆ ಹುಡುಕುತ್ತೇನೆ. ದಿನವೂ ಬದಲಾಗುವ ವಿಷಯವಾದ್ದರಿಂದ ಹಳೆಯ ಪುಟ ತೋರಿಸಿ ಮೋಸ ಮಾಡಲು ಸಾಧ್ಯವಿಲ್ಲ. ಅದು ತೆರೆಯದಿದ್ದರೆ ದೋಷ ಟವರಿನ ಕಡೆಯದು ಅಥವಾ ರೀಚಾರ್ಜಿನದು. ಟ್ಯಾಬ್ ಅನ್ನು ಕೆಳಗಿಡಿ.

ತೆರೆದರೆ, ಮನೆಯಲ್ಲಿರುವ ಇನ್ನೊಂದು ಫೋನನ್ನು ಅದೇ ಹಾಟ್‌ಸ್ಪಾಟ್‌ಗೆ ಜೋಡಿಸಿ. ಅದರಲ್ಲಿ ಇಂಟರ್ನೆಟ್ ಬಂದರೆ ಹುಡುಕಬೇಕಾದದ್ದು ಟ್ಯಾಬ್‌ನಲ್ಲಿ. ಅದರಲ್ಲೂ ಬಾರದಿದ್ದರೆ ಹಂಚುವ ಫೋನಿನಲ್ಲಿ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಆಮೇಲೆ ಫೋನನ್ನು ಅರ್ಧ ನಿಮಿಷ ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆಯಿರಿ, ಎರಡೂ ಸಾಧನಗಳನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಇದಕ್ಕೆ ಖರ್ಚಿಲ್ಲ, ಅಪಾಯವಿಲ್ಲ, ಬಹಳ ಸಲ ಇದರಿಂದಲೇ ಸರಿಹೋಗುತ್ತದೆ. ಸರಿಹೋಗದಿದ್ದರೆ ನಿಮಗೆ ಕಾಣುವ ಲಕ್ಷಣವನ್ನು ಕೆಳಗೆ ಹುಡುಕಿ.

ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಆಗುವುದೇ ಇಲ್ಲ

ಆಂಡ್ರಾಯ್ಡ್ ಫೋನಿನಲ್ಲಿ ಗುಂಡಿ ಮಸುಕಾಗಿದ್ದರೆ ಮೊದಲು ‘ಡೇಟಾ ಸೇವರ್’ ನೋಡಿ. ಅದು ಆನ್ ಇರುವಾಗ ಹಾಟ್‌ಸ್ಪಾಟ್ ಹಚ್ಚಲು ಅನೇಕ ಫೋನುಗಳು ಬಿಡುವುದಿಲ್ಲ. ಬ್ಯಾಟರಿ ಸೇವರ್ ಕೂಡ ಕೆಲವು ಫೋನುಗಳಲ್ಲಿ ಇದೇ ತೊಂದರೆ ಕೊಡುತ್ತದೆ. ಹಳೆಯ ಫೋನುಗಳಿಗೆ ವೈ-ಫೈ ಹಿಡಿಯುವುದು, ವೈ-ಫೈ ಕೊಡುವುದು ಎರಡೂ ಒಟ್ಟಿಗೆ ಆಗುವುದಿಲ್ಲ. ಒಂದನ್ನು ಆಫ್ ಮಾಡಿದರೆ ಮಾತ್ರ ಇನ್ನೊಂದು ಹತ್ತುತ್ತದೆ.

ಟ್ಯಾಬ್‌ನ ವೈ-ಫೈ ಪಟ್ಟಿಯಲ್ಲಿ ಫೋನಿನ ಹೆಸರೇ ಕಾಣುತ್ತಿಲ್ಲ

ಇದು ಫೋನಿನಿಂದ ಟ್ಯಾಬ್‌ಗೆ ಬರುವ ತುಂಡಿನ ದೋಷ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿ. ಆಗಲೂ ಕಾಣದಿದ್ದರೆ ಮೊದಲ ಅನುಮಾನ ‘ಬ್ಯಾಂಡ್’ ಮೇಲೆ ಇರಲಿ. ಹಾಟ್‌ಸ್ಪಾಟ್ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಅಥವಾ 5 ಗಿಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತದೆ. ಹಳೆಯ ಹಾಗೂ ಅಗ್ಗದ ಟ್ಯಾಬ್‌ಗಳಿಗೆ 2.4 ಮಾತ್ರ ಗೊತ್ತು. ಹೊಸ ಫೋನು ತಾನಾಗಿಯೇ 5ರಲ್ಲಿ ನಿಂತಿದ್ದರೆ ಅಂಥ ಟ್ಯಾಬ್‌ಗೆ ಅದು ಕಾಣುವುದಿಲ್ಲ, ಪಕ್ಕದಲ್ಲೇ ಇಟ್ಟರೂ ಕಾಣುವುದಿಲ್ಲ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಂಡ್’ ಹುಡುಕಿ 2.4 ಆರಿಸಿ. ಐಫೋನ್ 12 ಮತ್ತು ಅದರ ನಂತರದವುಗಳಲ್ಲಿ ಇದಕ್ಕೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬ ಗುಂಡಿ ಇದೆ; ಅದನ್ನು ಆನ್ ಮಾಡಿದರೆ ಫೋನು 2.4ಕ್ಕೆ ಇಳಿಯುತ್ತದೆ. ಐಫೋನಿನಲ್ಲಿ ಇನ್ನೊಂದು ಮಾತು: ಟ್ಯಾಬ್ ಸೇರಿಕೊಳ್ಳುವ ತನಕ ‘ಪರ್ಸನಲ್ ಹಾಟ್‌ಸ್ಪಾಟ್’ ಪುಟವನ್ನು ಮುಚ್ಚದೆ ತೆರೆದೇ ಇಡಿ.

ಇನ್ನು ಹೆಸರಿನ ವಿಷಯ. ಹಾಟ್‌ಸ್ಪಾಟ್‌ಗೆ ಕನ್ನಡದಲ್ಲಿ ಹೆಸರಿಡುವುದು ನನಗೂ ಇಷ್ಟ, ಆದರೆ ಅದಕ್ಕೊಂದು ಮಿತಿಯಿದೆ. ವೈ-ಫೈ ಹೆಸರಿಗೆ ಸಿಗುವ ಜಾಗ 32 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ಒತ್ತಿಗಾಗಿ ಬರುವ ಹಲಂತ, ಇವು ಒಂದೊಂದಕ್ಕೂ ಮೂರು ಬೈಟ್ ಬೇಕು. ‘ತೀರ್ಥಹಳ್ಳಿ’ ಎಂಬ ಒಂದೇ ಪದ 30 ಬೈಟ್ ತಿನ್ನುತ್ತದೆ. ಅದರ ಮುಂದೆ ‘ಮನೆ’ ಎಂದು ಸೇರಿಸಲು ಹೋದರೆ ಜಾಗವೇ ಇಲ್ಲ. ಹಳೆಯ ಟ್ಯಾಬ್‌ಗಳಲ್ಲಿ ಕನ್ನಡದ ಹೆಸರು ಚೌಕಗಳಾಗಿ, ಇಲ್ಲವೇ ಗುರುತು ಸಿಗದ ಚಿಹ್ನೆಗಳಾಗಿ ಕಾಣಿಸಿಕೊಳ್ಳುವುದೂ ಉಂಟು. ಹಾಗಾಗಿ ಪಟ್ಟಿಯಲ್ಲಿ ವಿಚಿತ್ರವಾದ ಹೆಸರು ಕಂಡರೆ ಅದು ನಿಮ್ಮದೇ ಇರಬಹುದು. ಪರೀಕ್ಷೆ ಮುಗಿಯುವ ತನಕ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರು ಇಡಿ.

ಹೆಸರು ಕಾಣುತ್ತದೆ, ಆದರೆ ಟ್ಯಾಬ್ ಸೇರಿಕೊಳ್ಳುವುದಿಲ್ಲ

ಪಾಸ್‌ವರ್ಡ್ ತಪ್ಪೆಂದು ಹೇಳುತ್ತಿದ್ದರೆ ಟ್ಯಾಬ್‌ನಲ್ಲಿ ಆ ಹೆಸರನ್ನು ಒತ್ತಿ ‘ಫರ್ಗೆಟ್’ ಕೊಡಿ, ಹೊಸದಾಗಿ ಸೇರಿಸಿ. ಟೈಪ್ ಮಾಡುವಾಗ ಕಣ್ಣಿನ ಗುರುತು ಒತ್ತಿ ಅಕ್ಷರಗಳನ್ನು ನೋಡುತ್ತಾ ಬರೆಯಿರಿ. ಸೊನ್ನೆಗೂ ಇಂಗ್ಲಿಷ್ ‘ಓ’ಗೂ ಆಗುವ ಗೊಂದಲವೇ ಎಷ್ಟೋ ಮನೆಗಳಲ್ಲಿ ಅರ್ಧ ದಿನ ತಿಂದಿದೆ.

ಪಾಸ್‌ವರ್ಡ್ ಸರಿಯಿದ್ದೂ ಸೇರದಿದ್ದರೆ ಭದ್ರತೆಯ ಬಗೆ ನೋಡಿ. ಫೋನಿನಲ್ಲಿ ‘ಡಬ್ಲ್ಯುಪಿಎ3’ ಇದ್ದರೆ ಹಳೆಯ ಟ್ಯಾಬ್‌ಗೆ ಅದು ಅರ್ಥವಾಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಅದಕ್ಕೆ ಬೆಂಬಲ ಬಂದದ್ದು ಆವೃತ್ತಿ 10ರಿಂದ. ‘ಡಬ್ಲ್ಯುಪಿಎ2’ ಆರಿಸಿ. ಪಾಸ್‌ವರ್ಡೇ ಇಲ್ಲದ ‘ಓಪನ್’ ಮಾತ್ರ ಬೇಡ, ಒಂದು ಗಂಟೆಗೂ ಬೇಡ.

‘ಐಪಿ ವಿಳಾಸ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಪಡೆಯಲಾಗುತ್ತಿದೆ’ ಎಂದು ಸುತ್ತುತ್ತಲೇ ಇದ್ದರೆ, ಅಥವಾ ಟ್ಯಾಬ್‌ಗೆ 169.254 ಎಂದು ಆರಂಭವಾಗುವ ವಿಳಾಸ ಸಿಕ್ಕಿದ್ದರೆ, ಫೋನು ಅದಕ್ಕೆ ವಿಳಾಸ ಕೊಟ್ಟಿಲ್ಲ ಎಂದರ್ಥ. ಟ್ಯಾಬ್‌ನ ವೈ-ಫೈ ವಿವರದಲ್ಲಿ ಐಪಿ ಸೆಟ್ಟಿಂಗ್ ‘ಸ್ಟ್ಯಾಟಿಕ್’ ಎಂದಿದ್ದರೆ ಫೋನೇ ವಿಳಾಸ ಕೊಡುವ ‘ಡಿಎಚ್‌ಸಿಪಿ’ಗೆ ಬದಲಿಸಿ. ಫೋನಿನಲ್ಲಿ ಎಷ್ಟು ಸಾಧನ ಸೇರಬಹುದು ಎಂಬ ಮಿತಿ ಒಂದಕ್ಕೆ ನಿಂತಿದೆಯೇ, ತಡೆಹಿಡಿದ ಪಟ್ಟಿಯಲ್ಲಿ ನಿಮ್ಮ ಟ್ಯಾಬ್ ಇದೆಯೇ ಎಂದೂ ನೋಡಿ. ‘ಗುರುತಿನ ಸಾಧನಗಳಿಗೆ ಮಾತ್ರ’ ಎಂಬ ಆಯ್ಕೆ ಹಾಕಿಕೊಂಡವರಿಗೆ ಒಂದು ಎಚ್ಚರಿಕೆ: ಆಂಡ್ರಾಯ್ಡ್ 10 ಮತ್ತು ಐಪ್ಯಾಡ್‌ಓಎಸ್ 14ರಿಂದ ಟ್ಯಾಬ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸದ (ಸಾಧನದ ವೈ-ಫೈ ಗುರುತಿನ ಸಂಖ್ಯೆಯ) ಬದಲು ಬೇರೊಂದನ್ನು ತೋರಿಸುತ್ತವೆ. ಪಟ್ಟಿಯಲ್ಲಿ ನೀವು ಬರೆದ ವಿಳಾಸ ಅದಕ್ಕೆ ತಾಳೆಯಾಗದಿದ್ದರೆ ಬಾಗಿಲು ತೆರೆಯುವುದಿಲ್ಲ.

ಸಂಪರ್ಕವಾಗಿದೆ, ಇಂಟರ್ನೆಟ್ ಮಾತ್ರ ಇಲ್ಲ

ನನಗೆ ಅತಿ ಹೆಚ್ಚು ಸಲ ಎದುರಾದ ದೋಷ ಇದು. ವೈ-ಫೈ ಗುರುತಿನ ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಕುಳಿತಿರುತ್ತದೆ. ಫೋನು ಟ್ಯಾಬ್‌ನ ಕೈ ಹಿಡಿದಿದೆ, ಕೊಡಲು ಅದರ ಬಳಿ ಏನೂ ಇಲ್ಲ, ಅಥವಾ ಇದ್ದರೂ ದಾಟಿಸುತ್ತಿಲ್ಲ.

ಮೊಬೈಲ್ ಡೇಟಾ ಆನ್ ಇದೆಯೇ? ಅದು ಆಫ್ ಇದ್ದರೂ ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಹತ್ತಿಕೊಳ್ಳುತ್ತದೆ. ಎರಡು ಸಿಮ್ ಇದ್ದರೆ ಡೇಟಾಕ್ಕೆಂದು ಆರಿಸಿದ ಸಿಮ್‌ನಲ್ಲಿ ಪ್ಯಾಕ್ ಇದೆಯೇ? ದಿನದ ಪಾಲು ಮುಗಿದಿದೆಯೇ? ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ಕೊಡುವ ಪ್ಯಾಕ್‌ಗಳಲ್ಲಿ ಪಾಲು ಮುಗಿದ ಮೇಲೆ ಸಂಪರ್ಕ ಪೂರ್ತಿ ಕಡಿಯದೆ 64 ಕೆಬಿಪಿಎಸ್‌ಗೆ ಇಳಿಯುವುದು ಸಾಮಾನ್ಯ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ಒಂದು ಎಂಬಿ ಫೋಟೊ ತೆರೆಯಲು ಎರಡು ನಿಮಿಷಕ್ಕೂ ಹೆಚ್ಚು. ವಾಟ್ಸ್‌ಆ್ಯಪ್ ಸಂದೇಶ ತೆವಳುತ್ತಾ ಬರುತ್ತದೆ, ಪಾಠದ ವಿಡಿಯೊ ತೆರೆಯುವುದೇ ಇಲ್ಲ. ಜನ ಇದನ್ನು ‘ಇಂಟರ್ನೆಟ್ ಇಲ್ಲ’ ಎಂದೇ ತಿಳಿಯುತ್ತಾರೆ. ಕಂಪನಿಯ ಆ್ಯಪ್‌ನಲ್ಲಿ ಉಳಿದ ಡೇಟಾ ನೋಡಿ. ‘ಅನಿಯಮಿತ 5ಜಿ’ ಇರುವವರು ಫೋನಿನ ಮೂಲೆಯಲ್ಲಿ 5ಜಿ ಎಂದು ಇದೆಯೇ ಗಮನಿಸಿ. 4ಜಿಗೆ ಇಳಿದಾಗ ಖರ್ಚಾಗುವುದು ದಿನದ ಪಾಲಿನಿಂದ.

ಡೇಟಾ ಇದೆ, ಫೋನಿನಲ್ಲಿ ಎಲ್ಲ ತೆರೆಯುತ್ತದೆ ಎಂದಾದರೆ ಎರಡೂ ಕಡೆ ವಿಪಿಎನ್ (ಇಂಟರ್ನೆಟ್ ಅನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ವ್ಯವಸ್ಥೆ) ಇದ್ದರೆ ಆಫ್ ಮಾಡಿ. ಟ್ಯಾಬ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಸೆಟ್ಟಿಂಗ್ ಹುಡುಕಿ; ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸರ್ವರ್ ಯಾವುದೆಂದು ಹೇಳುವುದು ಇದೇ. ಅಲ್ಲಿ ಯಾರೋ ಜಾಹೀರಾತು ತಡೆಯಲೆಂದು ಒಂದು ಹೆಸರು ಬರೆದಿಟ್ಟಿರಬಹುದು, ಆ ಸರ್ವರ್ ಸಿಗದಿದ್ದರೆ ಯಾವ ತಾಣವೂ ತೆರೆಯುವುದಿಲ್ಲ. ‘ಆಟೊಮ್ಯಾಟಿಕ್’ಗೆ ತನ್ನಿ.

ಇಷ್ಟಾದ ಮೇಲೂ ಫೋನಿನಲ್ಲಿ ಬರುವುದು, ಯಾವ ಸಾಧನಕ್ಕೂ ದಾಟದಿರುವುದು ಮುಂದುವರಿದರೆ ಎಪಿಎನ್ (ಫೋನು ಕಂಪನಿಯ ಡೇಟಾ ಜಾಲಕ್ಕೆ ಸೇರಲು ಬಳಸುವ ಸೆಟ್ಟಿಂಗ್) ನೋಡುವ ಸಮಯ. ಬೇರೆ ದೇಶದಿಂದ ತಂದ ಫೋನು, ಕಂಪನಿ ಬದಲಿಸಿದ ಸಿಮ್, ಇಂಥ ಕಡೆ ಇದು ಹೆಚ್ಚು. ಮೊದಲು ಈಗಿರುವ ಎಪಿಎನ್ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ನಂತರ ‘ಡೀಫಾಲ್ಟ್‌ಗೆ ಮರಳಿಸು’ ಕೊಡಿ. ಸರಿಹೋಗದಿದ್ದರೆ ‘ಎಪಿಎನ್ ಟೈಪ್’ ಎಂಬಲ್ಲಿ ಏನಿದೆ ನೋಡಿ: ಹಂಚಿಕೆಗೆ ಬೇಕಾದ ‘ಡಿ-ಯು-ಎನ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಪದ ಅಲ್ಲಿ ಇಲ್ಲದಿದ್ದರೆ, ಇರುವುದರ ಕೊನೆಯಲ್ಲಿ ಅಲ್ಪವಿರಾಮ ಹಾಕಿ, ಜಾಗ ಬಿಡದೆ, ಸಣ್ಣಕ್ಷರದಲ್ಲಿ ಸೇರಿಸಿ. ಕೆಲವು ಫೋನುಗಳು ಅದನ್ನು ತಿದ್ದಲು ಬಿಡುವುದಿಲ್ಲ. ಆಗ ಬಲವಂತ ಮಾಡಬೇಡಿ, ಕಂಪನಿಯವರನ್ನೇ ಕೇಳಿ.

ತಾಣಗಳು ತೆರೆಯುವ ಬದಲು ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯವರು ಒಂದು ಟ್ಯಾಬ್ ತಂದರು. ಮಗನ ಓದು ಮುಗಿದ ಮೇಲೆ ಬೀರುವಿನಲ್ಲಿ ಬಿದ್ದಿದ್ದು, ಈಗ ಮೊಮ್ಮಗಳಿಗೆಂದು ತೆಗೆದದ್ದು. ಹಾಟ್‌ಸ್ಪಾಟ್ ಹಿಡಿಯುತ್ತಿತ್ತು, ಆದರೆ ಯಾವ ತಾಣ ಒತ್ತಿದರೂ ಕೆಂಪು ಎಚ್ಚರಿಕೆ. ಹೊರಗೆ ಕತ್ತಲಾಗುತ್ತಿತ್ತು, ನಾವು ದೀಪ ಹಚ್ಚಿಕೊಂಡು ಕುಳಿತಿದ್ದೆವು. ಟ್ಯಾಬ್‌ನ ಮೂಲೆಯಲ್ಲಿ ಮಾತ್ರ ಬೆಳಗಿನ 5:42. ದಿನಾಂಕ ತೆಗೆದು ನೋಡಿದರೆ 1970ರ ಜನವರಿ 1. ಬ್ಯಾಟರಿ ಪೂರ್ತಿ ಬರಿದಾದ ಮೇಲೆ ಅದು ಕಾಲದ ಲೆಕ್ಕವನ್ನು ಮೊದಲಿನಿಂದ ಶುರು ಮಾಡಿತ್ತು. ಇಂಥ ಸಾಧನಗಳು ಕಾಲವನ್ನು ಎಣಿಸುವುದು ಆ ದಿನದ ಗ್ರೀನಿಚ್ ಮಧ್ಯರಾತ್ರಿಯಿಂದ, ಅದು ನಮ್ಮ ಗಡಿಯಾರದಲ್ಲಿ ಬೆಳಗಿನ 5:30. ಟ್ಯಾಬ್ ಹಚ್ಚಿ ಹನ್ನೆರಡು ನಿಮಿಷವಾಗಿತ್ತು ಅಷ್ಟೆ.

ತಾಣಗಳ ಸುರಕ್ಷತಾ ಪ್ರಮಾಣಪತ್ರಗಳಿಗೆ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂಬ ಅವಧಿ ಇರುತ್ತದೆ. ಟ್ಯಾಬ್ ಇನ್ನೂ 1970ರಲ್ಲಿದ್ದರೆ ಅದರ ಲೆಕ್ಕದಲ್ಲಿ ಅವೆಲ್ಲ ಇನ್ನೂ ಹುಟ್ಟಿಯೇ ಇಲ್ಲ, ನಂಬುವುದಾದರೂ ಹೇಗೆ? ದಿನಾಂಕ, ಸಮಯ, ಸಮಯವಲಯ ಮೂರನ್ನೂ ಕೈಯಿಂದ ಸರಿಪಡಿಸಿದೆ, ಮರುಕ್ಷಣ ಎಲ್ಲವೂ ತೆರೆಯಿತು. ಆ ಟ್ಯಾಬ್‌ಗೆ ಪೇಟೆಯ ಅಂಗಡಿಯೊಂದರಲ್ಲಿ ವೈ-ಫೈ ಚಿಪ್ ಹೋಗಿದೆ ಎಂದು ಹೇಳಿದ್ದರಂತೆ.

ದಿನಾಂಕ ಸರಿಯಿದ್ದರೂ ಎಚ್ಚರಿಕೆ ಹೋಗದಿದ್ದರೆ ಆಂಡ್ರಾಯ್ಡ್ ಆವೃತ್ತಿ ನೋಡಿ. 7.1.1ಕ್ಕಿಂತ ಹಳೆಯದಾದರೆ, ಅಸಂಖ್ಯ ತಾಣಗಳು ಬಳಸುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಪ್ರಮಾಣಪತ್ರಗಳನ್ನು ನಂಬಲು ಬೇಕಾದ ಮೂಲ ಪ್ರಮಾಣಪತ್ರ ಅದರಲ್ಲಿಲ್ಲ. ಹಳೆಯ ಸಾಧನಗಳಿಗೆಂದು ಇಟ್ಟಿದ್ದ ಬದಲಿ ವ್ಯವಸ್ಥೆಯ ಅವಧಿಯೂ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಫೈರ್‌ಫಾಕ್ಸ್ ಬ್ರೌಸರ್ ತಾನು ನಂಬುವ ಪ್ರಮಾಣಪತ್ರಗಳ ತನ್ನದೇ ಪಟ್ಟಿ ಇಟ್ಟುಕೊಂಡಿರುವುದರಿಂದ, ನಿಮ್ಮ ಟ್ಯಾಬ್‌ಗೆ ಒಗ್ಗುವ ಆವೃತ್ತಿ ಪ್ಲೇ ಸ್ಟೋರ್‌ನಲ್ಲಿ ಸಿಕ್ಕರೆ ಪಾಠ ನೋಡಲು ಸಾಕಾದೀತು. ಅಂಥ ಟ್ಯಾಬ್‌ನಲ್ಲಿ ಬ್ಯಾಂಕಿನ ವ್ಯವಹಾರ ಮಾತ್ರ ಮಾಡಬೇಡಿ, ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಲೂಬೇಡಿ.

ಫೋನಿಗೆ ಕರೆ ಬಂದ ಕೂಡಲೇ ಟ್ಯಾಬ್‌ನಲ್ಲಿ ಪಾಠ ನಿಲ್ಲುತ್ತದೆ

ಇದು ಕೆಟ್ಟಿರುವುದಲ್ಲ, ಹೊಂದಿಸದೆ ಬಿಟ್ಟಿರುವುದು. 4ಜಿಯಲ್ಲಿ ಡೇಟಾ ನಡೆಯುತ್ತಿರುವಾಗಲೇ ಮಾತಾಡಬೇಕಾದರೆ ‘ವೋಲ್ಟಿ’ (ಕರೆಯನ್ನೂ 4ಜಿ ಜಾಲದಲ್ಲೇ ಸಾಗಿಸುವ ವ್ಯವಸ್ಥೆ) ಆನ್ ಇರಬೇಕು. ಇಲ್ಲದಿದ್ದರೆ ಕರೆಗಾಗಿ ಫೋನು ಹಳೆಯ ಜಾಲಕ್ಕೆ ಇಳಿಯುತ್ತದೆ, 2ಜಿಗೆ ಇಳಿದರೆ ಡೇಟಾ ನಿಂತೇಹೋಗುತ್ತದೆ. ಎರಡು ಸಿಮ್ ಇರುವ ಫೋನುಗಳಲ್ಲಿ ಇನ್ನೊಂದು ತೊಡಕು: ಹೆಚ್ಚಿನವು ಒಂದು ಸಿಮ್‌ನಲ್ಲಿ ಮಾತು ನಡೆಯುವಾಗ ಇನ್ನೊಂದು ಸಿಮ್‌ನ ಡೇಟಾವನ್ನು ತಡೆದು ನಿಲ್ಲಿಸುತ್ತವೆ. ಕೆಲವು ಫೋನುಗಳಲ್ಲಿ ಕರೆಯ ಸಮಯದಲ್ಲಿ ಡೇಟಾ ಸಿಮ್ ಬದಲಿಸುವ ಆಯ್ಕೆ ಇರುತ್ತದೆ, ಆನ್ ಮಾಡಿ ನೋಡಿ. ಇಲ್ಲವಾದರೆ ಪರೀಕ್ಷೆಯ ಹೊತ್ತಿಗೆ ಎರಡನೆಯ ಸಿಮ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಿ. ಅಣ್ಣನ ಮಗಳ ಪಾಠದ ಗಂಟೆಯಲ್ಲಿ ನಮ್ಮ ಮನೆಯಲ್ಲಿ ಇದೇ ಕ್ರಮ.

ಸ್ವಲ್ಪ ಹೊತ್ತಿಗೊಮ್ಮೆ ತಾನಾಗಿಯೇ ಕಡಿದುಹೋಗುತ್ತದೆ

ಟ್ಯಾಬ್‌ನ ಪರದೆ ಆರಿದ ಮೇಲೆ ಕಡಿಯುತ್ತಿದೆಯೇ, ನೋಡುತ್ತಿರುವಾಗಲೇ ಕಡಿಯುತ್ತಿದೆಯೇ ಗಮನಿಸಿ. ಪರದೆ ಆರಿದ ಮೇಲಾದರೆ ಕಾರಣ ಸರಳ: ಟ್ಯಾಬ್ ನಿದ್ದೆಗೆ ಹೋಗುತ್ತದೆ, ಯಾರೂ ಬಳಸುತ್ತಿಲ್ಲವೆಂದು ಫೋನು ಹಾಟ್‌ಸ್ಪಾಟ್ ಆಫ್ ಮಾಡುತ್ತದೆ. ಫೋನಿನಲ್ಲಿ ‘ತಾನಾಗಿ ಆಫ್ ಆಗು’ ಎಂಬ ಆಯ್ಕೆಯ ಅವಧಿ ಹೆಚ್ಚಿಸಿ. ನೋಡುತ್ತಿರುವಾಗಲೇ ಕಡಿದರೆ ಫೋನು ಬಿಸಿಯಾಗಿದೆಯೇ, ಸಿಗ್ನಲ್ ಏರಿಳಿಯುತ್ತಿದೆಯೇ ನೋಡಿ.

ಬರುತ್ತದೆ, ಆದರೆ ಬಹಳ ನಿಧಾನ. ಅಥವಾ ಡೇಟಾ ಬೇಗ ಕರಗುತ್ತದೆ

ಫೋನು ಇರಬೇಕಾದದ್ದು ಸಿಗ್ನಲ್ ಇರುವಲ್ಲಿ. ಟ್ಯಾಬ್ ಪಕ್ಕದಲ್ಲೇ ಇರಬೇಕೆಂದಿಲ್ಲ. ದಪ್ಪ ಮಣ್ಣಿನ ಗೋಡೆಯ ಒಳಮನೆಗೆ ಫೋನು ಒಯ್ದರೆ ಟವರೇ ಸಿಗುವುದಿಲ್ಲ. ಜಗಲಿಯಲ್ಲಿಟ್ಟು 2.4 ಬ್ಯಾಂಡ್‌ನಲ್ಲಿ ಹಂಚಿದರೆ ಗೋಡೆ ದಾಟಿ ನಡುಮನೆಯವರೆಗೆ ಬರುತ್ತದೆ. ಒಂದೇ ಕೋಣೆಯಲ್ಲಿದ್ದು, ಟ್ಯಾಬ್‌ಗೆ ಶಕ್ತಿಯಿದ್ದರೆ 5ಕ್ಕೆ ಬದಲಿಸಿ. ವೇಗ ಹೆಚ್ಚು, ಆದರೆ ಗೋಡೆಗೆ ಸೋಲುತ್ತದೆ. ಮೈಕ್ರೋವೇವ್ ಒಲೆ, ಬ್ಲೂಟೂತ್ ಇಯರ್‌ಫೋನ್ ಕೂಡ 2.4ರಲ್ಲೇ ಇರುವುದರಿಂದ ಅಡ್ಡಿ ಮಾಡಬಹುದು.

ಡೇಟಾ ಕರಗುವುದಕ್ಕೆ ಕಾರಣ ಬೇರೆ. ವೈ-ಫೈ ಎಂದರೆ ಧಾರಾಳ ಎಂದು ಟ್ಯಾಬ್ ಭಾವಿಸುತ್ತದೆ. ಆ್ಯಪ್‌ಗಳ ಅಪ್‌ಡೇಟ್, ಫೋಟೊ ಬ್ಯಾಕಪ್ ಎಲ್ಲವನ್ನೂ ಆಗಲೇ ಶುರು ಮಾಡುತ್ತದೆ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಆ ವೈ-ಫೈ ವಿವರಕ್ಕೆ ಹೋಗಿ ‘ಮೀಟರ್ಡ್’ (ಅಳೆದು ಬಳಸಬೇಕಾದ ಡೇಟಾ) ಎಂದು ಗುರುತಿಸಿ. ಐಪ್ಯಾಡ್‌ನಲ್ಲಿ ಅದೇ ಜಾಗದಲ್ಲಿ ‘ಲೋ ಡೇಟಾ ಮೋಡ್’ ಇದೆ. ವಿಡಿಯೊ ಗುಣಮಟ್ಟವನ್ನು 480ಕ್ಕೆ ಇಳಿಸಿ, ಅಕ್ಷರ ಓದಲು ಅಷ್ಟು ಸಾಕು.

ವೇಗಕ್ಕಿಂತ ಸ್ಥಿರತೆ ಮುಖ್ಯವಾದರೆ ಬ್ಲೂಟೂತ್ ಮೂಲಕ ಹಂಚಿ ನೋಡಿ. ನಿಧಾನ, ಆದರೆ ಬ್ಯಾಟರಿ ಕಡಿಮೆ ತಿನ್ನುತ್ತದೆ. ಇದು ಒಳ್ಳೆಯ ಪರೀಕ್ಷೆಯೂ ಹೌದು: ಬ್ಲೂಟೂತ್‌ನಲ್ಲಿ ಇಂಟರ್ನೆಟ್ ಬಂದು ವೈ-ಫೈನಲ್ಲಿ ಬಾರದಿದ್ದರೆ ಟವರು, ಪ್ಯಾಕ್ ಎರಡೂ ಸರಿಯಿವೆ, ಕೆಟ್ಟಿರುವುದು ವೈ-ಫೈ ಮಾತ್ರ.

ಫೋನು ಕೈ ಸುಡುವಷ್ಟು ಬಿಸಿಯಾಗುತ್ತದೆ

ಸಿಗ್ನಲ್ ಕಡಿಮೆಯಿರುವ ಊರಿನಲ್ಲಿ ಫೋನು ಟವರನ್ನು ಮುಟ್ಟಲು ಹೆಚ್ಚು ಶಕ್ತಿ ಹಾಕುತ್ತದೆ, ಜೊತೆಗೆ ಹಾಟ್‌ಸ್ಪಾಟ್, ಅದರ ಮೇಲೆ ಚಾರ್ಜಿಂಗ್. ಬೆಚ್ಚಗಾಗುವುದು ಸಹಜ. ಹಿಡಿಯಲಾರದಷ್ಟು ಬಿಸಿಯಾದರೆ ಚಾರ್ಜರ್ ಕಳಚಿ, ಕವರ್ ತೆಗೆದು, ಹಾಟ್‌ಸ್ಪಾಟ್ ಆಫ್ ಮಾಡಿ ತಣ್ಣಗಾಗಲು ಬಿಡಿ. ಫ್ರಿಜ್‌ನಲ್ಲಿ ಇಡಬೇಡಿ, ಒಳಗೆ ತೇವ ಕೂಡುತ್ತದೆ. ದಿಂಬಿನ ಕೆಳಗೆ, ಹಾಸಿಗೆಯ ಮೇಲೆ, ಬಿಸಿಲಿಗೆ ನಿಂತ ಕಾರಿನೊಳಗೆ ಹಾಟ್‌ಸ್ಪಾಟ್ ಹಚ್ಚಿಡಬೇಡಿ.

ಹಿಂಬದಿ ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಎದ್ದಿದ್ದರೆ, ಸಿಹಿಯಂಥ ರಾಸಾಯನಿಕ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಬ್ಯಾಟರಿ ಕೆಟ್ಟಿದೆ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಹತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು ಸೇವಾ ಕೇಂದ್ರಕ್ಕೆ ತಿಳಿಸಿ.

ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು

ಇಷ್ಟೆಲ್ಲ ಮುಗಿದರೂ ಸರಿಯಾಗದಿದ್ದರೆ ನೀವೇ ಮಾಡಬಹುದಾದ ಕೊನೆಯ ಕೆಲಸ ‘ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್’. ಇದು ಫೋಟೊ, ಕಡತ ಮುಟ್ಟುವುದಿಲ್ಲ. ಉಳಿಸಿದ ವೈ-ಫೈ ಪಾಸ್‌ವರ್ಡ್‌ಗಳು, ಬ್ಲೂಟೂತ್ ಜೋಡಿಗಳು ಹೋಗುತ್ತವೆ, ಬರೆದಿಟ್ಟುಕೊಳ್ಳಿ. ಫ್ಯಾಕ್ಟರಿ ರೀಸೆಟ್ ಇದಲ್ಲ, ಅದು ಎಲ್ಲವನ್ನೂ ಅಳಿಸುತ್ತದೆ. ಎರಡರ ಹೆಸರೂ ಒಂದೇ ಪುಟದಲ್ಲಿ ಇರುವುದರಿಂದ ಒತ್ತುವ ಮೊದಲು ಎರಡು ಸಲ ಓದಿ.

ಫೋನಿನಲ್ಲೇ ಡೇಟಾ ಬಾರದಿದ್ದರೆ ದೂರು ಹೇಳಬೇಕಾದದ್ದು ಸಿಮ್ ಕಂಪನಿಗೆ, ಅವರ ದೂರಿನ ಸಂಖ್ಯೆ 198. ಟ್ಯಾಬ್ ಯಾವ ವೈ-ಫೈಗೂ ಸೇರದಿದ್ದರೆ, ಅಥವಾ ವೈ-ಫೈ ಗುಂಡಿಯೇ ಆನ್ ಆಗದಿದ್ದರೆ ಅದು ಯಂತ್ರದ ದೋಷ. ತಯಾರಕರ ಸೇವಾ ಕೇಂದ್ರಕ್ಕೆ ಒಯ್ಯಿರಿ. ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಬೇರೆ ಫೋನು ಈ ಹಾಟ್‌ಸ್ಪಾಟ್‌ಗೆ ಸೇರಿತೇ, ಈ ಟ್ಯಾಬ್ ಬೇರೆ ವೈ-ಫೈಗೆ ಸೇರಿತೇ, ಬ್ಲೂಟೂತ್‌ನಲ್ಲಿ ಬಂತೇ. ಈ ಮೂರು ಉತ್ತರ ಕೈಯಲ್ಲಿದ್ದರೆ ಬೇಡದ ಚಿಪ್ ಬದಲಿಸಿ ಹಣ ಕೇಳುವುದು ಯಾರಿಗೂ ಸುಲಭವಲ್ಲ.

ಹಾಟ್‌ಸ್ಪಾಟ್ ಪಟ್ಟಿಯಲ್ಲಿ ನಿಮ್ಮದಲ್ಲದ ಸಾಧನ ಕಂಡರೆ ತಕ್ಷಣ ಪಾಸ್‌ವರ್ಡ್ ಬದಲಿಸಿ. ನಿಮ್ಮ ಸಂಪರ್ಕದಲ್ಲಿ ಬೇರೆಯವರು ಮಾಡಿದ್ದಕ್ಕೆ ವಿಚಾರಣೆ ಬರುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಬಳಿಗೆ. ಇನ್ನು ಕಂಪನಿಯವರೆಂದು ತಾವಾಗಿ ಕರೆ ಮಾಡಿ, ನೆಟ್‌ವರ್ಕ್ ಸರಿಪಡಿಸುತ್ತೇವೆ ಎಂದು ಪರದೆ ಹಂಚುವ ಆ್ಯಪ್ ಹಾಕಲು ಹೇಳಿದರೆ, ಒಟಿಪಿ ಕೇಳಿದರೆ ಕರೆ ಕತ್ತರಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.